ಪರೀಕ್ಷೆಗೆ ಕೊಟ್ಟ ನೀರು

ನನ್ನ ತಂಗಿ ಏನು ಓದಿದ್ದಾಳೆ ಅಂತ ನಮ್ಮೂರಲ್ಲಿ ಯಾರನ್ನಾದ್ರೂ ಕೇಳಿ. "ನೀರು ಓದವ್ಳೆ" ಅಂತಾರೆ. ನಗಬೇಡಿ. ಅದಕ್ಕೆ ನಗೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಅವಳು ಓದೋಕೆ ಹೋಗಿದ್ದು ಪರಿಸರ ರಸಾಯನಶಾಸ್ತ್ರ. ಎಂ.ಎಸ್ಸಿ. ಆದ್ಮೇಲೆ ಎಂ.ಫಿಲ್. ಅಂತ ಓದ್ತಾರಲ್ಲ, ಅದು, ಬೆಂಗಳೂರಲ್ಲಿ. ಆ ವಿಷಯದ ಹೆಸರನ್ನ ತಡವರಿಸದೆ ಹೇಳೋಕೆ ನನಗೇ ಮೂರು ತಿಂಗಳು ಹಿಡೀತು. ಅವಳ ಹೆಸರು ಆದಿಲಕ್ಷ್ಮಿ, ಈಗ ಹೊಸೂರಿನ ಒಂದು ಸ್ಕೂಲಲ್ಲಿ ಟೀಚರು. ನಾನು ಅವಳ ಅಣ್ಣ ಚೆನ್ನಕೇಶವ, ಹೊಸೂರಲ್ಲೇ ಒಂದು ಕಾರ್ಖಾನೇಲಿ ಫಿಟ್ಟರ್. ಅವಳ ಓದು ಎಕ್ಕುಟ್ಟೋಗಿದ್ದರಲ್ಲಿ ನನ್ನ ಕೈಯೂ ಇದೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ಬಂದು ನನಗೆ ಎತ್ತಿ ಆಡಬೇಕಾಗಿಲ್ಲ.

ನಮ್ಮೂರು ಹೊಸೂರು ಹತ್ರದ ಬಾಗಲೂರಿಗೆ ಎರಡು ಮೈಲಿ, ಮಾತು ಕನ್ನಡವಾದ್ರೂ ಸೇರಿರೋದು ತಮಿಳುನಾಡಿಗೆ. ಲಕ್ಷ್ಮಿ ಐದನೇ ಕ್ಲಾಸಿನವರೆಗೂ ಊರಿನ ಕನ್ನಡ ಶಾಲೇಲಿ ಓದಿ, ಆರಕ್ಕೆ ಹೊಸೂರಿನ ತಮಿಳು ಶಾಲೆಗೆ ಸೇರಿದ್ಲು. ಮೊದಲ ಪರೀಕ್ಷೇಲಿ ಏನು ಮಾಡಿದ್ಲು ಗೊತ್ತಾ? ತಮಿಳು ಮಾತಾಡೋಕೆ ಬರ್ತಿತ್ತು, ಬರೆಯೋಕೆ ಬರ್ತಿರಲಿಲ್ಲ. ತಮಿಳು ಉತ್ತರಾನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿಟ್ಟು ಬಂದ್ಲು, ನಾಕು ಹಾಳೆ! ಟೀಚರು ಸೊನ್ನೆ ಸುತ್ತಿ ಕೊಟ್ರು. ಮನೆಗೆ ಬಂದವಳು ಅಳಲಿಲ್ಲ, ಉಣ್ಣಲೂ ಇಲ್ಲ. "ಉತ್ತರ ಸರಿ ಇತ್ತಣ್ಣ, ಅವ್ರಿಗೆ ಓದೋಕೆ ಬರ್ಲಿಲ್ಲ" ಅಂದ್ಲು. ವರ್ಷದ ಕೊನೆಗೆ ಕ್ಲಾಸಿಗೆ ಎರಡನೆಯವಳು. ಅಂಥ ಹಠದ ಹೆಣ್ಣು.

ಅಮ್ಮ ತೀರಿಕೊಂಡಾಗ ಲಕ್ಷ್ಮಿಗೆ ನಾಕು ವರ್ಷ. ಅವಳನ್ನ ಎತ್ತಿ ಆಡಿಸಿ ಬೆಳೆಸಿದ್ದು ನಮ್ಮ ಸೋದರತ್ತೆ ಪಿಳ್ಳಮ್ಮ. ಅತ್ತೆಗೆ ಗಂಡ ಇಲ್ಲ, ಮಕ್ಕಳಿಲ್ಲ. ಊರಾಚೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಅದರಲ್ಲೊಂದು ಬಾವಿ, ಪಕ್ಕದಲ್ಲಿ ರೇಷ್ಮೆಹುಳ ಸಾಕೋ ಮನೆ, ಅಷ್ಟೇ ಸಂಸಾರ. ಲಕ್ಷ್ಮಿ ಬಿ.ಎಸ್ಸಿ. ಮುಗಿಸಿದಾಗ ನಮ್ಮಪ್ಪ ವೆಂಕಟರಮಣಪ್ಪ, "ಸಾಕು, ಇನ್ನು ಗಂಡು ನೋಡಾನ" ಅಂದ. ಪಿಳ್ಳತ್ತೆ ನಡುಮನೇಲಿ ನಿಂತು ಅಪ್ಪನ ಗ್ರಹಚಾರ ಬಿಡಿಸಿಬಿಟ್ಲು. "ಓದೋ ಮಗೀನ ಕೈಗೆ ಸೌಟು ಕೊಡ್ತೀಯೇನಣ್ಣ? ನಿನಗೆ ಆಗ್ದಿದ್ರೆ ಬುಡು, ನಾನು ಓದುಸ್ತೀನಿ." ಅಪ್ಪ ಟವೆಲ್ಲು ಕೊಡವಿಕೊಂಡು ಹೊಲದ ಕಡೆ ಹೋದ. ಪಿಳ್ಳತ್ತೆ ಬಾಯಿಗೆ ಎದುರು ನಿಲ್ಲೋ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ.

ಎಂಬತ್ತೆರಡರಲ್ಲಿ ಅತ್ತೆ ತೋಟದ ಮೇಲ್ಗಡೆ ಒಂದು ಫ್ಯಾಕ್ಟ್ರಿ ಎದ್ದಿತು. ಪ್ಲೇಟಿಂಗ್ ಕಂಪನಿ. ಪ್ಲೇಟು ಅಂದ್ರೆ ತಟ್ಟೆ ತಾನೇ, ಊಟದ ತಟ್ಟೆ ಮಾಡ್ತಾರೆ ಅಂದುಕೊಂಡು ಊರೋರು ಅದಕ್ಕೆ ತಟ್ಟೆ ಫ್ಯಾಕ್ಟ್ರಿ ಅಂತ ಹೆಸರಿಟ್ರು. ನಮ್ಮ ಬೀದಿ ಇಂದ್ರಮ್ಮ ಮಗಳ ಮದುವೆಗೆ ಎರಡು ಡಜನ್ ತಟ್ಟೆ ಕೊಡಿ ಅಂತ ಗೇಟಿಗೆ ಹೋಗಿ ವಾಚ್‌ಮನ್ ಕೈಲಿ ಬೈಸಿಕೊಂಡು ಬಂದಿದ್ಲು. ಅಲ್ಲಿ ನಡೀತಿದ್ದದ್ದು ಸೈಕಲ್ಲು, ಮೊಪೆಡ್ಡಿನ ಹ್ಯಾಂಡಲ್ಲಿಗೆ ಕ್ರೋಮಿಯಂ ಹೊಳಪು ಕೊಡೋ ಕೆಲಸ. ತೊಳೆದ ನೀರನ್ನ ಹಿಂದುಗಡೆ ಕಾಲುವೆಗೆ ಬಿಟ್ಟುಬಿಡೋರು. ಎರಡು ವರ್ಷ ತುಂಬೋಷ್ಟರಲ್ಲಿ ಅತ್ತೆ ಬಾವಿ ನೀರು ತೆಳ್ಳಗೆ ಹಳದಿ ತಿರುಗ್ತು. ಹಿಪ್ಪುನೇರಳೆ ಎಲೆ ಅಂಚು ಸುಟ್ಟಂಗಾಯ್ತು. ಆ ಸೊಪ್ಪು ಹಾಕಿದ್ರೆ ಹುಳ ಮೂಸಿಯೂ ನೋಡ್ತಿರಲಿಲ್ಲ.

ಲಕ್ಷ್ಮಿ ಎಂ.ಫಿಲ್.ಗೆ ಸೇರಿದ್ದು ಎಂಬತ್ತೈದರಲ್ಲಿ. ಅವಳ ಪ್ರೊಫೆಸರು, ಹೆಸರು ಬೇಡ ಬಿಡಿ, ನನ್ನ ಬಾಯಿ ಕೆಡುತ್ತೆ, ಬೆಂಗಳೂರಿನ ಯಾವುದಾದ್ರೂ ಕೆರೆ ನೀರು ತಗೋ, ಬಸ್ಸು ಹತ್ತೋ ಕಷ್ಟ ಇಲ್ಲ ಅಂದ್ರಂತೆ. ಇವಳು ನಮ್ಮೂರ ಬಾವೀನೇ ಆಗಬೇಕು ಅಂತ ಕೂತ್ಲು. ಒಟ್ಟು ಆರು ಬಾವಿ. ಮೊದಲನೇದು ಕಾಲುವೆ ಪಕ್ಕದ ಪಿಳ್ಳತ್ತೇದು, ಮಿಕ್ಕ ಐದು ಅಲ್ಲಿಂದ ದೂರ ದೂರಕ್ಕೆ. ಹನ್ನೆರಡು ತಿಂಗಳು, ತಿಂಗಳಿಗೊಂದು ಸಲ ಆರೂ ಬಾವಿ ನೀರು ತಗೊಂಡು ಅದರಲ್ಲಿ ಕ್ರೋಮಿಯಂ ಎಷ್ಟಿದೆ ಅಂತ ಅಳೀಬೇಕು. ಕಾಲುವೆ ಹತ್ರ ಜಾಸ್ತಿ, ದೂರ ಹೋದಂಗೆ ಕಮ್ಮಿ ಅಂತ ವರ್ಷಪೂರ್ತಿ ಲೆಕ್ಕ ಸಿಕ್ಕಿದ್ರೆ ವಿಷ ಎಲ್ಲಿಂದ ಬರ್ತಿದೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಒಂದು ತಿಂಗಳು ತಪ್ಪಿದ್ರೂ ಥೀಸಿಸ್ ಆಗಲ್ಲ.

ಜೂನಿಂದ ಅಕ್ಟೋಬರ್‌ವರೆಗೂ ಅವಳೇ ಬಂದು ನೀರು ತಗೊಂಡು ಹೋದ್ಲು. ಆ ಬಾಟ್ಲಿಗಳಿಗೆ ಮಾಡ್ತಿದ್ದ ಉಪಚಾರ ನೋಡಬೇಕಿತ್ತು ನೀವು! ಆಸಿಡ್ಡಲ್ಲಿ ತೊಳೆದು, ಆಮೇಲೆ ಭಟ್ಟಿ ಇಳಿಸಿದ ನೀರಲ್ಲಿ ತೊಳೆದು, ಕೊನೆಗೆ ಅದೇ ಬಾವಿ ನೀರಲ್ಲಿ ಮೂರು ಸಲ ಗಲಬರಿಸಿ, ಒಂದು ಗುಳ್ಳೆ ಇಲ್ಲದಂಗೆ ತುಂಬಿಸಿ ಮುಚ್ಚಳ ತಿರುಗಿಸೋಳು. "ನಮ್ಮಕ್ಕನ ಮಗೂಗೂ ಹಿಂಗೆ ಸ್ನಾನ ಮಾಡ್ಸಿಲ್ಲ ಕಣಮ್ಮಿ" ಅಂತ ಇಂದ್ರಮ್ಮ ಆಡಿಕೊಂಡು ನಗೋಳು.

ಎರಡನೇ ತಿಂಗಳು ಒಂದು ಸಣ್ಣ ಸೀಸೇಲಿ ಅದೇನೋ ದ್ರಾವಣ ತಂದಿದ್ಲು. ಪಿಳ್ಳತ್ತೆ ಬಾವಿ ನೀರಿಗೆ ಒಂದು ಹನಿ ಆಸಿಡ್ಡು, ಎರಡು ಹನಿ ಆ ದ್ರಾವಣ ಹಾಕಿದ್ಲು. ನೀರು ಕಣ್ಮುಂದೆ ನೇರಳೆಗೆ ತಿರುಗ್ತು.

"ಅಬ್ಬಬ್ಬಾ, ಏನ್ ಚೆಂದ ಐತೆ ಬಣ್ಣ!" ಅಂದ್ಲು ಅತ್ತೆ.

"ಅತ್ತೆ, ಇದು ವಿಷ. ಬಣ್ಣ ಎಷ್ಟು ಚೆಂದ ಬಂದ್ರೆ ನೀರು ಅಷ್ಟು ಕೆಟ್ಟದ್ದು ಅಂತ. ಇವತ್ತಿಂದ ಈ ನೀರು ಕುಡೀಬೇಡ, ಅಡುಗೆಗೂ ಬೇಡ."

ಅತ್ತೆ ಮುಖ ಸಣ್ಣಗಾಯ್ತು. ಆ ಬಾವಿ ತೋಡಿಸಿದ್ದು ಅವಳ ಗಂಡ. ಆದ್ರೆ ಓದಿದ ಮಗು ಹೇಳಿದ್ಮೇಲೆ ಮುಗೀತು, ಮಾರನೇ ದಿನದಿಂದ ಒಂದು ಮೈಲಿ ದೂರದ ಮುನಿವೆಂಕಟಪ್ಪನ ತೋಟಕ್ಕೆ ಬಿಂದಿಗೆ ಹೊತ್ಕೊಂಡು ಹೋಗೋಕೆ ಶುರು ಮಾಡಿದ್ಲು. ಆ ಬಾವಿ ನೀರು ಸಕ್ಕರೆ ಅಂತ ಸುತ್ತಾ ಹೆಸರು. ಅದು ಲಕ್ಷ್ಮಿ ಆರಿಸಿದ ಆರರಲ್ಲಿ ಇರಲಿಲ್ಲ.

ಐದು ತಿಂಗಳ ಲೆಕ್ಕ ಕೈಗೆ ಬಂದಾಗ ಲಕ್ಷ್ಮಿ, ನಾನು ಇಬ್ರೂ ಫ್ಯಾಕ್ಟ್ರಿ ಮೇಲೆ ದೂರು ಕೊಡೋಕೆ ಜಿಲ್ಲಾ ಕೇಂದ್ರ ಧರ್ಮಪುರಿಗೆ ಹೋದ್ವಿ, ಒಂದು ಸರ್ಕಾರಿ ಆಫೀಸಿಗೆ. ಅಲ್ಲಿದ್ದ ಸಾರು ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇದು ಸ್ಟೂಡೆಂಟ್ ಬರೆದಿರೋ ಲೆಕ್ಕಮ್ಮಾ. ಪೂರ್ತಿ ವರ್ಷದ್ದು ಮಾಡಿ, ಯೂನಿವರ್ಸಿಟಿ ಒಪ್ಪಿಕೊಂಡು ಸೀಲ್ ಹಾಕಿದ ಥೀಸಿಸ್ ತನ್ನಿ, ಆಮೇಲೆ ಫ್ಯಾಕ್ಟ್ರಿಗೆ ನೋಟೀಸು ಕೊಡೋದು ನೋಡೋಣ" ಅಂತ ತಮಿಳಲ್ಲಿ ಹೇಳಿ ಕೈ ಮುಗಿದ್ರು. ಬಸ್‌ಸ್ಟ್ಯಾಂಡಲ್ಲಿ ಲಕ್ಷ್ಮಿ, "ಏಳು ತಿಂಗಳು ತಾನೇ ಅಣ್ಣ, ಏಳು ತಿಂಗಳು ಕಣ್ಮುಚ್ಚಿ ಕಣ್ಣು ಬಿಡೋದ್ರಲ್ಲಿ ಹೋಗುತ್ತೆ" ಅಂದ್ಲು. ಅಲ್ಲಿಗೆ ಅವಳ ಡಿಗ್ರಿ, ಅತ್ತೆ ಬಾವಿ, ಎರಡೂ ಆ ಒಂದು ಥೀಸಿಸ್‌ಗೆ ಗಂಟು ಬಿದ್ದವು.

ನವೆಂಬರಲ್ಲಿ ಕೈಕೊಟ್ಟಿದ್ದು ಪ್ರೊಫೆಸರು. ಎಂ.ಎಸ್ಸಿ. ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸೋರು ಯಾರೋ ರಜೆ ಹಾಕಿದ್ರಂತೆ, ಆ ಕೆಲಸಾನ ಇವಳ ತಲೆಗೆ ಕಟ್ಟಿದ್ರು. ವಾರಕ್ಕೆ ಆರು ದಿನ. ಭಾನುವಾರ ಕೂತು ಆ ಹುಡುಗರ ರೆಕಾರ್ಡ್ ಬುಕ್ ತಿದ್ದಬೇಕು. ಒಂದು ದಿನ ರಜಾ ಕೊಡಿ ಸಾರ್, ನೀರು ತರಬೇಕು ಅಂದ್ರೆ, "ನೀರು ಯಾರು ತಂದ್ರೂ ನೀರೇ ಅಲ್ವೇನಮ್ಮಾ" ಅಂದ್ರಂತೆ ಮಹಾನುಭಾವರು.

ಹಂಗಾಗಿ ಕೆಲಸ ನನಗೆ ಬಂತು. ತಿಂಗಳ ಕೊನೇ ದಿನ ಆರು ಖಾಲಿ ಬಾಟ್ಲಿ ಊರಿಗೆ ತರೋದು, ಮಾರನೇ ದಿನ ಬೆಳಿಗ್ಗೆ ಆರು ಬಾವಿ ಸುತ್ತಿ ತುಂಬಿಸೋದು, ಐಸ್ ಹಾಕಿದ ಡಬ್ಬೀಲಿಟ್ಟು ಬೆಂಗಳೂರಿಗೆ ಮುಟ್ಟಿಸಿ, ಮಧ್ಯಾಹ್ನದ ಶಿಫ್ಟಿಗೆ ಹೊಸೂರಿಗೆ ವಾಪಸ್ಸು. ಲಕ್ಷ್ಮಿ ಎಲ್ಲಾ ಬರೆದು ಕೊಟ್ಟಿದ್ಲು. ಆದ್ರೆ ನೋಡಿ, ಆರು ಬಾವಿ ಸುತ್ತೋಕೆ ಎರಡು ಗಂಟೆ ಬೇಕು, ಬಸ್ಸು ಇರೋದು ಆರೂವರೆಗೆ. ನನಗೆ ಸೋಮಾರಿತನ. ಒಪ್ಕೋತೀನಿ. ಆರೂ ಬಾಟ್ಲಿ ತಗೊಂಡು ಹೋಗಿ ಪಿಳ್ಳತ್ತೆ ಮುಂದೆ ಸಾಲಾಗಿ ನಿಲ್ಲಿಸಿದೆ.

"ಅತ್ತೆ, ಲಕ್ಷ್ಮಿ ಪರೀಕ್ಷೆಗೆ ನೀರು ಬೇಕಂತೆ. ಆರು ಬಾಟ್ಲಿ. ನಿಂದು, ಕೊಂಡಪ್ಪಂದು, ದೊಡ್ಡಣ್ಣಂದು, ಅವಳು ಯಾವಾಗ್ಲೂ ತಗೊಳ್ಳೋರ್ದೆಲ್ಲ. ಬೆಳಿಗ್ಗೆ ಬಸ್ಸೊತ್ತಿಗೆ ಬತ್ತೀನಿ, ತುಂಬ್ಸಿಟ್ಟಿರು."

"ಪರೀಕ್ಷೇಗಾ?"

"ಹೂಂ ಕಣತ್ತೆ, ಪರೀಕ್ಷೆಗೇ. ಚೆನ್ನಾಗಿ ತುಂಬ್ಸು. ನೀರು ಕೆಟ್ರೆ ಅವಳ ಓದೇ ಕೆಟ್ಟಂಗೆ, ಗೊತ್ತಾಯ್ತಾ?"

"ಮಗೀನ ಓದು ಕೆಡಾಕೆ ಬುಟ್ಟೇನಾ? ನೀನ್ ಹೋಗ್ಲಾ, ನಾನ್ ನೋಡ್ಕಂತೀನಿ."

ಬೆಳಿಗ್ಗೆ ಹೋದ್ರೆ ಆರೂ ಬಾಟ್ಲಿ ಫಳಫಳ ಅಂತ ಕೂತಿದ್ದವು, ಕುತ್ತಿಗೆಗೆ ಒಂದೊಂದು ಒದ್ದೆ ಬಟ್ಟೆ ಸುತ್ತಿ. ಏನು ಶಿಸ್ತು ನಮ್ಮತ್ತೆ ಅಂತ ಖುಷಿಯಾಯ್ತು ನನಗೆ. ಡಿಸೆಂಬರು, ಜನವರಿ, ಎಲ್ಲಾ ತಿಂಗಳೂ ಹಂಗೇ. ನಾನು ಒಂದು ಸಲವಾದ್ರೂ ಅವಳ ಜೊತೆ ಬಾವಿವರೆಗೆ ಹೋಗಿದ್ರೆ ಇವತ್ತು ಈ ಕತೆ ಹೇಳೋ ಪ್ರಸಂಗ ಬರ್ತಿರಲಿಲ್ಲ.

ಜನವರಿ ಕೊನೇಲಿ ಲಕ್ಷ್ಮಿ ಕಾಗದ ಬರೆದ್ಲು. ಮೂರು ತಿಂಗಳಿಂದ ಆರೂ ಬಾವೀಲಿ ಕ್ರೋಮಿಯಂ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಹಿಂಗಾರು ಮಳೆ ಇಳಿದು ತೊಳೆದುಹೋಗಿರಬೇಕು ಅಂತ ಪ್ರೊಫೆಸರು ಅಂತಾರೆ. ಅತ್ತೆಗೆ ಹೇಳು, ಮುನಿವೆಂಕಟಪ್ಪನ ತೋಟಕ್ಕೆ ಅಷ್ಟು ದೂರ ಹೋಗೋದು ಬೇಡ, ಸದ್ಯಕ್ಕೆ ನಮ್ಮ ಬಾವೀದೇ ಕುಡೀಬಹುದು. ನಾನು ಅತ್ತೆ ಮನೆಗೆ ಹೋಗಿ ಕಾಗದ ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ ಸೊಪ್ಪು ಕತ್ತರಿಸೋದು ನಿಲ್ಲಿಸಿ ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿದ್ಲು.

"ಲಕ್ಸ್ಮೀನೇ ಬರ್ದವ್ಳಾ?"

"ಇನ್ಯಾರು ಬರೀತಾರೆ? ಅವಳ ಅಕ್ಷರಾನೇ ಇದು."

"ಹಂಗಾರೆ ಸರಿ" ಅಂದ್ಲು, ಮತ್ತೆ ಕತ್ತಿ ಹಿಡಿದ್ಲು.

ನೀರಲ್ಲಿ ಕ್ರೋಮಿಯಂ ಒಂದೇ ಅಲ್ಲ, ಉಪ್ಪಿನಂಶ, ಗಡಸುತನ, ಇನ್ನೂ ಏನೇನೋ ಅಳೀಬೇಕಂತೆ. ಉಪ್ಪಿನಂಶ ಅಳೆಯೋಕೆ ಬೆಳ್ಳಿ ಸೇರಿದ ಒಂದು ರಾಸಾಯನಿಕ ಬೇಕು. ಅದನ್ನ ತರಿಸೋಕೆ ಅಕ್ಟೋಬರಲ್ಲಿ ಬರೆದುಕೊಟ್ಟ ಅರ್ಜಿ ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಸಾಗಿ, ಸಹಿ ಆಗಿ, ಸೀಸೆ ಬಂದಿದ್ದು ಮೇ ತಿಂಗಳಲ್ಲಿ! ನಮ್ಮ ಕಾರ್ಖಾನೇಲಿ ಒಂದು ಬೋಲ್ಟ್ ಬರೋಕೆ ಇಷ್ಟು ತಡ ಆಗಿದ್ರೆ ಫೋರ್‌ಮನ್ ಸ್ಟೋರಿನವನ ಕೊರಳಪಟ್ಟಿ ಹಿಡೀತಿದ್ದ. ಅಲ್ಲಿವರೆಗೂ ಪ್ರತಿ ತಿಂಗಳ ನೀರಲ್ಲಿ ಒಂದಿಷ್ಟು ಎತ್ತಿಟ್ಟಿದ್ಲಂತೆ ಲಕ್ಷ್ಮಿ. ಸೀಸೆ ಬಂದ ಮೇಲೆ ಎಲ್ಲಾನೂ ಒಟ್ಟಿಗೆ ಅಳೆದ್ಲು.

ಮೊದಲ ಐದು ತಿಂಗಳಲ್ಲಿ ಒಂದೊಂದು ಬಾವಿ ಒಂದೊಂದು ಥರ. ಉಪ್ಪಿನಂಶ ಒಂದರಲ್ಲಿ ಅರವತ್ತು, ಇನ್ನೊಂದರಲ್ಲಿ ಮುನ್ನೂರು. ನವೆಂಬರಿಂದ ಈಚೆಗೆ ಆರೂ ಬಾವೀಲಿ ನಲವತ್ತೆರಡು. ನಲವತ್ತೆರಡು, ನಲವತ್ತೊಂದು, ನಲವತ್ತೆರಡು. ಏಳು ತಿಂಗಳು, ಆರು ಬಾವಿ, ಒಂದೇ ಅಂಕಿ.

ಪ್ರೊಫೆಸರು ಆ ಹಾಳೆ ನೋಡಿ ಹೇಳಿದ್ದನ್ನ ಲಕ್ಷ್ಮಿ ನನಗೆ ಒಂದೇ ಸಲ ಹೇಳಿದ್ಲು, ಇನ್ನೊಂದು ಸಲ ಕೇಳೋ ಧೈರ್ಯ ನನಗೂ ಇರಲಿಲ್ಲ. "ನೋಡಮ್ಮಾ, ನೀನು ನೀರು ಅಳೆದೇ ಇಲ್ಲ. ಮೇಜಿನ ಮುಂದೆ ಕೂತು ಅಂಕಿ ಬರೆದಿದ್ದೀಯ. ಬರೆಯೋಳು ಅಲ್ಲೊಂದು ಇಲ್ಲೊಂದು ಹೆಚ್ಚು ಕಮ್ಮಿನಾದ್ರೂ ಬರೀಬೇಕಿತ್ತು, ಅಷ್ಟೂ ಬುದ್ಧಿ ಬೇಡವಾ?" ಪಕ್ಕದ ಕೋಣೇಲಿ ಅವಳೇ ಪ್ರಾಕ್ಟಿಕಲ್ ಮಾಡಿಸ್ತಿದ್ದ ಹುಡುಗರು ಕೇಳಿಸಿಕೊಳ್ತಾ ಇದ್ರಂತೆ.

ಮಾರನೇ ದಿನ ನಾನು ಬೆಳಗಿನ ಶಿಫ್ಟು ಮುಗಿಸಿ ಆಚೆ ಬರ್ತೀನಿ, ಕಾರ್ಖಾನೆ ಗೇಟಲ್ಲಿ ನಿಂತಿದ್ದಾಳೆ. ಕೂದಲು ಕೆದರಿ, ಕಣ್ಣು ಕೆಂಪಗೆ.

"ನೀರು ಎಲ್ಲಿ ತುಂಬ್ಸಿದೆ ಅಣ್ಣ? ಬಾಗಲೂರು ಬಸ್‌ಸ್ಟಾಪ್ ನಲ್ಲೀಲಾ?"

"ಏನ್ ಮಾತಾಡ್ತಿದ್ದೀಯ?"

"ಆರು ಬಾಟ್ಲೀಲೂ ಒಂದೇ ನೀರು! ಏಳು ತಿಂಗಳು! ನನ್ನ ಕಳ್ಳಿ ಅಂದ್ರು ಅಣ್ಣ. ನಾನು ಕಳ್ಳೀನಾ?"

ನನಗೂ ಪಿತ್ತ ನೆತ್ತಿಗೇರ್ತು. ಬೆಳಗಾಗೆದ್ದು ಬಸ್ಸಲ್ಲಿ ನಿಂತ್ಕೊಂಡು ನಿನ್ನ ನೀರು ಹೊತ್ತವನು ನಾನು, ನನ್ನ ಮೇಲೇ ಹಾರ್ತೀಯಾ ಅಂತ ಕೂಗಾಡಿದೆ. ಶಿಫ್ಟಿನ ಜನ ಎಲ್ಲಾ ಸೈಕಲ್ ನಿಲ್ಲಿಸಿಕೊಂಡು ನೋಡ್ತಿದ್ರು. ಕೂಗಾಡ್ತಾ ಇದ್ದಂಗೇ ನನಗೆ ಹೊಳೀತು, ತುಂಬಿಸಿದ್ದು ನಾನಲ್ಲ ಅಂತ. ಅತ್ತೆ ಕೈಲಿ ತುಂಬಿಸಿದ್ದು ಅಂತ ಒಪ್ಪಿಕೊಂಡು, ಅವಳನ್ನ ಕರ್ಕೊಂಡು ಊರಿನ ಬಸ್ಸು ಹತ್ತಿದೆ.

ಪಿಳ್ಳತ್ತೆ ಹುಳದ ಮನೆ ಬಾಗಿಲಲ್ಲಿ ಕೂತು ಹುಳ ಸಾಕೋ ಬಿದಿರು ತಟ್ಟೆ ಗುಡಿಸ್ತಿದ್ಲು. ಲಕ್ಷ್ಮೀನ ಕಂಡು ಮುಖ ಅರಳಿಸಿ, "ಬಂದ್ಯಾ ನನ್ನವ್ವ, ಪರೀಕ್ಷೆ ಮುಗೀತಾ?" ಅಂದ್ಲು. 

"ಅತ್ತೆ, ಆ ಬಾಟ್ಲಿಗಳಿಗೆ ಯಾವ ಬಾವಿ ನೀರು ಹಾಕ್ತಿದ್ದೆ?"

"ಇನ್ಯಾವುದು, ಮುನಿವೆಂಕಟಪ್ಪನ ತೋಟದ್ದು. ಬಿಳೀ ಬಟ್ಟೇಲಿ ಎರಡು ದಪ ಸೋಸಿ ತುಂಬ್ಸ್ತಿದ್ದೆ. ಒಂದ್ ಕಸ ಇತ್ತಾ ಹೇಳು?"

"ಆರಕ್ಕೂ?"

"ಆರಕ್ಕೂ. ಕೊಂಡಪ್ಪನ್ದು ಉಪ್ಪು, ದೊಡ್ಡಣ್ಣನ ಬಾವೀಲಿ ಪಾಚಿ. ಅವ್ರೂ ಅಂದ್ರು, ಮಗೀನ ಪರೀಕ್ಷೆಗೆ ನಮ್ಮ ನೀರು ಬ್ಯಾಡ ಪಿಳ್ಳಮ್ಮ, ಒಳ್ಳೇದು ನೋಡಿ ಕಳ್ಸು ಅಂತ. ಅವ್ರಿಗೂ ನೀನಂದ್ರೆ ಅಷ್ಟು ಪ್ರೀತಿ."

"ಯಾಕತ್ತೆ? ಯಾಕೆ ಹಿಂಗೆ ಮಾಡ್ದೆ?"

"ಯಾಕಂದ್ರೆ?" ಅತ್ತೆಗೆ ಅರ್ಥಾನೇ ಆಗಲಿಲ್ಲ. "ಚೆನ್ನ ಬಂದು ಪರೀಕ್ಷೆ ಅಂದ, ನೀರು ಕೆಟ್ರೆ ಓದು ಕೆಡ್ತದೆ ಅಂದ. ನಮ್ಮ ನೀರು ಇಸ ಅಂತ ನೀನೇ ಬಣ್ಣ ಮಾಡಿ ತೋರ್ಸಿದ್ದೆ. ಗೊತ್ತಿದ್ದೂ ಗೊತ್ತಿದ್ದೂ ಇಸದ ನೀರು ಕಳ್ಸಿ ನಿನ್ನ ಫೇಲ್ ಮಾಡ್ಲಾ?"

ಅಯ್ಯೋ ಶಿವನೇ! ನನ್ನ ಬಾಯಿಗೆ ಯಾವ ಮಣ್ಣು ಹಾಕಲಿ? ನೀರಿನ ಪರೀಕ್ಷೆ ಅನ್ನಬೇಕಿತ್ತು ನಾನು. ಲಕ್ಷ್ಮಿ ಪರೀಕ್ಷೆ ಅಂದಿದ್ದೆ. ಅಂದಿದ್ದಾದ್ರೂ ಒಂದು ಸಲವಾ, ಏಳು ಸಲ.

ಲಕ್ಷ್ಮಿ ಅವತ್ತು ಕೂಗಿದ ಕೂಗು ಅವಳ ಜನ್ಮದಲ್ಲಿ ಕೂಗಿರಲಿಲ್ಲ. "ಕೆಟ್ಟ ನೀರೇ ಬೇಕಿತ್ತು ನನಗೆ! ಕೆಟ್ಟದ್ದು ಅಂತ ತೋರಿಸೋಕೇ ಅಲ್ವಾ ನಾನು ಓದ್ತಿದ್ದದ್ದು! ಒಂದು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತಲ್ಲ ಅತ್ತೆ!" ಅತ್ತೆ ಪೊರಕೆ ಹಿಡ್ಕೊಂಡು ಹಂಗೇ ನಿಂತಿದ್ಲು. ಕೂಗ್ತಾ ಕೂಗ್ತಾ ಲಕ್ಷ್ಮಿ ಇದ್ದಕ್ಕಿದ್ದಂಗೆ ನಿಲ್ಲಿಸಿದ್ಲು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಜನವರಿಯಿಂದ ನೀನು ಯಾವ ನೀರು ಕುಡೀತಿದ್ದೀಯ?"

"ನಮ್ದೇ."

"ಬಾಟ್ಲಿಗೆ ಹಾಕಿದ್ದು ನಿನ್ನ ಬಾವೀದಲ್ಲ ಅಂತ ನಿನಗೆ ಗೊತ್ತಿತ್ತಲ್ಲ! ಯಾಕೆ ಕುಡಿದೆ?"

"ನೀನೇ ಕಾಗದ ಬರ್ದಿದ್ಯಲ್ಲವ್ವ, ಕುಡೀಬೌದು ಅಂತ. ಓದಿರೋಳು ನೀನು. ನಂಗೇನ್ ತಿಳೀತದೆ?"

ಲಕ್ಷ್ಮಿ ಒಳಗೆ ಹೋಗಿ ಬಿಂದಿಗೇಲಿದ್ದ ನೀರನ್ನೆಲ್ಲ ತಂದು ಅಂಗಳಕ್ಕೆ ಸುರಿದ್ಲು. ನಾನು ಬೆನ್ನು ತಿರುಗಿಸಿ ತೋಟದ ಕಡೆ ನಿಂತೆ. ಆ ಕಾಗದ ಓದಿ ಹೇಳಿದ ಬಾಯಿ ನಂದು ತಾನೇ.

ಅವತ್ತು ಸಂಜೆ ಲಕ್ಷ್ಮಿ ತನ್ನ ಕೈಯಾರೆ ಅತ್ತೆ ಬಾವಿ ನೀರು ತೆಗೆದ್ಲು. ಮಾರನೇ ದಿನ ಪ್ರೊಫೆಸರ ಕಣ್ಮುಂದೇನೇ ಅಳೆದು ತೋರಿಸಿದ್ಲು. ಬಣ್ಣ ಎಷ್ಟು ಗಾಢ ಬಂತು ಅಂದ್ರೆ ಯಂತ್ರದಲ್ಲಿ ಅಳತೆಗೇ ಸಿಗದೆ, ಹತ್ತು ಪಾಲು ನೀರು ಬೆರೆಸಿ ಮತ್ತೆ ಅಳೀಬೇಕಾಯ್ತಂತೆ. ಹೋದ ವರ್ಷಕ್ಕಿಂತ ಮೂರು ಪಟ್ಟು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡು, ಕಳ್ಳತನದ ಮಾತು ವಾಪಸ್ ತಗೊಂಡ್ರು. ಆದ್ರೆ ಒಂದು ದಿನದ ನೀರು ಥೀಸಿಸ್ ಆಗಲ್ಲ, ನಡೆದದ್ದನ್ನ ಊರಿನವರ ಕೈಲಿ ಬರೆಸಿಕೊಂಡು ಬಾ, ಇನ್ನೊಂದು ವರ್ಷ ಕೊಡಿ ಅಂತ ಕಮಿಟಿ ಮುಂದೆ ಇಡ್ತೀನಿ ಅಂದ್ರು.

ಬರೆಸಿದ್ವಿ. ಮಿಕ್ಕ ಐದು ಬಾವಿಯವರೂ ರುಜು ಹಾಕಿದ್ರು, ಅತ್ತೆ ಹೆಬ್ಬೆಟ್ಟು ಒತ್ತಿದ್ಲು. "ಇದಕ್ಕೆ ಹೆಬ್ಬೆಟ್ಟು ಹಾಕುದ್ರೆ ಪಾಸ್ ಮಾಡ್ತಾರಾ?" ಅಂತ ನನ್ನ ಪಿಸುಮಾತಲ್ಲಿ ಕೇಳಿದ್ಲು. ಹೂಂ ಅಂದೆ. ಏನಾದ್ರೂ ಹೇಳಬೇಕಲ್ಲ. ಅತ್ತೆ ಮತ್ತೆ ಮುನಿವೆಂಕಟಪ್ಪನ ತೋಟಕ್ಕೆ ಬಿಂದಿಗೆ ಹೊರೋಕೆ ಶುರು ಮಾಡಿದ್ಲು. ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಳ್ಳೋಳು. ಮೊದಲು ಹಂಗೆ ಕೂರ್ತಿರಲಿಲ್ಲ.

ಜುಲೈಲಿ ಕಮಿಟಿ ಕೂತ್ಕೊಳ್ತು. ಆ ಬುದ್ಧಿವಂತರು ಏನಂದ್ರು ಕೇಳಿ. ಊರಿನವರು ಏಳು ತಿಂಗಳು ನೀರು ಬದಲಾಯಿಸಿದ್ದಾರೆ ಅಂತ ಅವರೇ ಬರೆದುಕೊಟ್ಟಿದ್ದಾರೆ, ಹಂಗಿದ್ಮೇಲೆ ಮೊದಲ ಐದು ತಿಂಗಳೂ ಬದಲಾಯಿಸಿಲ್ಲ ಅನ್ನೋಕೆ ಏನು ಗ್ಯಾರಂಟಿ? ಇಡೀ ಲೆಕ್ಕಾನೇ ಬೇಡ. ಇನ್ನೊಂದು ವರ್ಷ ಕೊಡೋಕೆ ನಿಯಮ ಇಲ್ಲ. ಅವಳ ಹೆಸರು ಪಟ್ಟಿಯಿಂದ ತೆಗೆದುಹಾಕಿದ್ರು. ನಿಜ ಬರೆದುಕೊಟ್ಟಿದ್ದಕ್ಕೆ ಸಿಕ್ಕಿದ್ದು ಇದು! ಧರ್ಮಪುರಿ ಆಫೀಸಿಗೆ ನಾನೊಬ್ಬನೇ ಹೋದೆ. ಥೀಸಿಸ್ ಇಲ್ಲಾಂದ್ರೆ ಫೈಲ್ ಮುಚ್ಚಿಬಿಡ್ತೀವಿ ಅಂದ್ರು. ನನ್ನ ಎದುರಿಗೇ ದಾರ ಕಟ್ಟಿದ್ರು.

ಲಕ್ಷ್ಮಿ ಹಾಸ್ಟೆಲ್ ಖಾಲಿ ಮಾಡಿ ಟ್ರಂಕು ತಗೊಂಡು ಮನೆಗೆ ಬಂದ ದಿನ ಪಿಳ್ಳತ್ತೆ ಬೆಳಿಗ್ಗೇನೇ ಬಂದು ಜಗಲಿ ಮೇಲೆ ಕಾಯ್ತಿದ್ಲು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹಬ್ಬಕ್ಕೆ ಉಡೋ ಸೀರೆ ಉಟ್ಟುಕೊಂಡು. ನಮ್ಮನ್ನ ಕಂಡು ಎದ್ದು ನಿಂತ್ಲು. ಆ ಕೂಗಾಟದ ದಿನದಿಂದ ಅವರಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

"ಏನಾಯ್ತವ್ವ?" ಅಂದ್ಲು ಅತ್ತೆ. "ಪಾಸಾ?"

ಲಕ್ಷ್ಮಿ ಅವಳ ಮುಖ ನೋಡಿದ್ಲು. ಆಮೇಲೆ ನನ್ನ ನೋಡಿದ್ಲು. "ಹೂಂ ಅತ್ತೆ. ಪಾಸಾದೆ" ಅಂದ್ಲು.

ನಾನು ಬಾಯಿ ತೆರೆದೆ, ಸುಮ್ಮನಿರು ಅಂತ ಕಣ್ಣಲ್ಲೇ ಗದರಿದ್ಲು. ಅತ್ತೆ ಎರಡೂ ಕೈಲಿ ಅವಳ ಕೆನ್ನೆ ನೀವಿ ನೆಟಿಕೆ ಮುರಿದ್ಲು. ಅಳ್ತಿದ್ಲು, ನಗ್ತಾನೂ ಇದ್ಲು. "ನನ್ನಿಂದ ನಿನ್ನ ಓದು ಕೆಟ್ಟೋಯ್ತೇನೋ ಅಂತ ಎರಡು ತಿಂಗಳಿಂದ ಒಂದ್ ತುತ್ತು ಒಳಗೋಗಿಲ್ಲ ಕಣೆ. ಅಬ್ಬ! ಪಾಸಾಯ್ತಾ! ಹಂಗಾರೆ ನಾನು ಆ ಬಿಂದಿಗೆ ಹೊರೋದೂ ತಪ್ತು. ನಾಳೆಯಿಂದ ನಮ್ಮ ಬಾವೀದೇ ಕುಡೀತೀನಿ."

"ಏನಂದೆ?"

"ಕೊನೇಗೆ ನೀನೇ ತಗೊಂಡೋದ್ಯಲ್ಲ, ನಮ್ಮ ಬಾವಿ ನೀರು. ಅದಕ್ಕೇ ತಾನೇ ಪಾಸ್ ಮಾಡಿದ್ದು? ನೀರು ಪಾಸಾಯ್ತು ಅಂದ್ಮೇಲೆ ಕುಡಿಯಾಕೇನು?"

ಲಕ್ಷ್ಮಿ ಕೈಲಿದ್ದ ಟ್ರಂಕು ಕೆಳಗಿಟ್ಲು. ಅತ್ತೆ ಭುಜ ಎರಡೂ ಗಟ್ಟಿಯಾಗಿ ಹಿಡ್ಕೊಂಡ್ಲು.

"ಇಲ್ಲ ಅತ್ತೆ. ಸುಳ್ಳು ಹೇಳಿದೆ. ಫೇಲ್ ಆದೆ. ನಾನು ಫೇಲು, ನಿನ್ನ ಬಾವಿ ನೀರೂ ಫೇಲು. ಒಂದು ಹನೀನೂ ಕುಡೀಬೇಡ, ಕೇಳಿಸ್ತಾ? ನಿನ್ನ ದಮ್ಮಯ್ಯ ಅಂತೀನಿ, ಯಾರು ಬಂದು ಏನು ಹೇಳಿದ್ರೂ, ನಾನೇ ಕಾಗದ ಬರೆದ್ರೂ ಕುಡೀಬೇಡ."

ಅತ್ತೆ ಸೆರಗಲ್ಲಿ ಕಣ್ಣು ಒರೆಸಿಕೊಂಡು, ಒಂದೊಂದೇ ಲೆಕ್ಕ ಹಾಕೋರ ಥರ ನಮ್ಮಿಬ್ಬರನ್ನೂ ನೋಡಿದ್ಲು.

"ನೀನು ಫೇಲು. ನಮ್ಮ ನೀರು ಫೇಲು" ಅಂದ್ಲು. "ಹಂಗಾರೆ ತಟ್ಟೆ ಫ್ಯಾಕ್ಟ್ರಿ?"

"ಅದು ಪಾಸು ಅತ್ತೆ" ಅಂದ್ಲು ನನ್ನ ತಂಗಿ.